ಅನಂತದ ಗಿಡಕ್ಕೆ ಬಿಸಿನೀರು

ಸಿಟ್ಟು ಬರದ ಹಾಗೆ ಈ ಸಂಗತಿ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಮಾತು. ಆದರೂ ಆ ಬಿಳಿ ಹುಳ ನೆನಪಾದರೆ ಮೈಯೆಲ್ಲ ತುರಿಸಿದಂತಾಗುತ್ತದೆ. ಹುಳದ ಹಿಂದೆಯೇ ನನ್ನ ಗಂಡ ನೆನಪಾಗುತ್ತಾರೆ, ಗಂಡನ ಹಿಂದೆ ಅತ್ತೆ, ಅಲ್ಲಿಗೆ ತಲೆ ಚಿಟ್ಟು ಹಿಡಿಯುತ್ತದೆ. ಒಂದೇ ಒಂದು ಹೂವಿನ ಗಿಡ ಉಳಿಸಿಕೊಳ್ಳಲು ಒಂದು ಮನೆಯಲ್ಲಿ ಅಷ್ಟು ರಾಮಾಯಣ ಬೇಕಾಗಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಗಿಡ ನನ್ನ ತವರಿನದು. ನಿಪ್ಪಾಣಿಯಲ್ಲಿ ನಮ್ಮಪ್ಪನದು ತಂಬಾಕಿನ ವ್ಯಾಪಾರ. ಮನೆಯ ಹಿತ್ತಲಲ್ಲಿ ಅವ್ವ ಒಂದು ಅನಂತದ ಗಿಡವನ್ನು ಕುಂಡದಲ್ಲಿ ಬೆಳೆಸಿದ್ದಳು. ದಪ್ಪ ಹಸಿರೆಲೆ, ಬೆಣ್ಣೆ ಬಣ್ಣಕ್ಕೆ ತಿರುಗುವ ಬಿಳಿ ಹೂವು. ಅಪ್ಪ ಮೊದಲೇ ಹೋಗಿದ್ದ, ಅವ್ವನೂ ತೀರಿಕೊಂಡ ವರ್ಷ ಅಣ್ಣಂದಿರು ಮನೆ ಮಾರಿ ಕೊಲ್ಲಾಪುರಕ್ಕೆ ಹೊರಟರು. ಸಾಮಾನು ಹಂಚಿಕೊಳ್ಳುವ ದಿನ ಅತ್ತಿಗೆಯರು ತಾಮ್ರದ ಹಂಡೆಗೆ, ಹಿತ್ತಾಳೆಯ ಸಮೆ ದೀಪಕ್ಕೆ ಕಣ್ಣಿಟ್ಟು ಕೂತಿದ್ದರು. ನಿನಗೇನು ಬೇಕು ಎಂದು ದೊಡ್ಡಣ್ಣ ಕೇಳಿದಾಗ ನಾನು ಆ ಕುಂಡ ತೋರಿಸಿದೆ. ಎಲ್ಲರೂ ನಕ್ಕರು. ನಕ್ಕದ್ದಕ್ಕೇ ನನಗೆ ಹಟ ಹೆಚ್ಚಾಯಿತು.

ನನ್ನ ಗಂಡನ ಊರು ಉಗಾರ ಬುದ್ರುಕದ ಆಚೆ, ಕೃಷ್ಣೆಯ ದಂಡೆಗೆ. ನಿಪ್ಪಾಣಿಯಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ರಾಯಬಾಗ, ಅಲ್ಲಿಂದ ಮತ್ತೊಂದು ಬಸ್ಸು. ಚಿಕ್ಕೋಡಿಯಲ್ಲಿ ಹತ್ತಿದಾಗ ಕಂಡಕ್ಟರ್ ಕುಂಡ ನೋಡಿ ಮುಖ ಗಂಟು ಹಾಕಿಕೊಂಡ.

"ಬಾಯಾರ, ಅದನ್ನ ಬಸ್ಸಿನ ಟಪ್ಪಿನ ಮ್ಯಾಲ ಹಾಕ್ರಿ. ಇಲ್ಲಿ ಮಂದಿಗೇ ಜಾಗಾ ಇಲ್ಲ."

"ಬೇಕಾದ್ರ ನಾ ಟಪ್ಪಿನ ಮ್ಯಾಲ ಕುಂಡ್ರತೀನಿ," ಎಂದೆ. "ಗಿಡ ಮಾತ್ರ ಇಲ್ಲೇ ಇರ್ತೈತಿ."

ತೊಡೆಯ ಮೇಲೆ ಇಟ್ಟುಕೊಂಡೇ ತಂದೆ. ಸೀರೆಯೆಲ್ಲ ಕೆಸರು. ಅವ್ವ ಇಲ್ಲ, ಮನೆ ಇಲ್ಲ, ಪಂಚಮಿ ಹಬ್ಬಕ್ಕೆ ಕರೆಯಲು ಬರುವವರಿಲ್ಲ. ನನ್ನ ಪಾಲಿಗೆ ತವರು ಅಂತ ಉಳಿದದ್ದು ಆ ಮಣ್ಣಿನ ಕುಂಡ ಒಂದೇ. ಅದು ಹೋದರೆ ನಾನು ನಿಪ್ಪಾಣಿಯವಳು ಎನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳಬೇಕೆಂದೂ ಅನ್ನಿಸಿರಲಿಲ್ಲ.

ಮರುವರ್ಷದ ಬೇಸಿಗೆಗೆ ಹುಳ ಬಿತ್ತು. ಮೊದಲು ಎಲೆಯ ಸಂದಿಯಲ್ಲಿ ಅರಳೆಯ ಚೂರು ಅಂಟಿದ ಹಾಗೆ ಕಂಡಿತು. ಬೆರಳಲ್ಲಿ ಒತ್ತಿದರೆ ಅಂಟು ಅಂಟು. ವಾರದೊಳಗೆ ಟೊಂಗೆ ತುಂಬ ಹಿಟ್ಟು ಉದುರಿಸಿದಂಥ ಬಿಳಿ ಹುಳ, ಅವುಗಳ ಸೇವೆಗೆ ಸಾಲುಗಟ್ಟಿ ಬರುವ ಇರುವೆ. ಎಲೆಯ ಮೇಲೆ ಮಸಿ ಬಳಿದಂತೆ ಕಪ್ಪು ಕಟ್ಟಿತು. ಮೊಗ್ಗು ಅರಳುವ ಮೊದಲೇ ಹಳದಿಯಾಗಿ ಉದುರತೊಡಗಿತು. ಓಣಿಯ ಹೆಂಗಸರು ಬಂದು ನೋಡಿ ಒಬ್ಬರಿಗಿಂತ ಒಬ್ಬರು ಜಾಣರಾದರು. ಬೂದಿ ಹಾಕು ಎಂದರು, ಸೀಮೆಎಣ್ಣೆ ಹಚ್ಚು ಎಂದರು, ಗಿಡಕ್ಕೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದವರೂ ಉಂಟು. ಹುಳ ಯಾವುದಕ್ಕೂ ಜಗ್ಗಲಿಲ್ಲ.

ನಾನು ತಂಬಾಕಿನ ಮನೆಯ ಮಗಳು. ತಂಬಾಕು ಕುದಿಸಿದ ನೀರು ಚಿಮುಕಿಸಿದರೆ ಎಂಥ ಹುಳವೂ ಉಳಿಯುವುದಿಲ್ಲ ಎಂದು ಚಿಕ್ಕಂದಿನಿಂದ ನೋಡಿದ್ದೆ. ಬೊಗಸೆ ತಂಬಾಕಿನ ಕಡ್ಡಿ ತರಿಸಿ ಒಲೆಯ ಮೇಲೆ ಇಟ್ಟೆನೋ ಇಲ್ಲವೋ, ಅತ್ತೆ ಬಂದು ಒಲೆಯ ಕಟ್ಟಿಗೆ ಹೊರಗೆ ಎಳೆದರು.

"ಆ ವಿಷ ನಮ್ಮ ಅಂಗಳದಾಗ ಬ್ಯಾಡವಾ. ಸಾವಿರಾರ ಜೀವ ಅದಾವು."

ನನ್ನ ಅತ್ತೆಯ ಬಗ್ಗೆ ಇಲ್ಲಿ ಹೇಳಲೇಬೇಕು. ನಾವು ಜೈನರು. ನನ್ನ ತವರಿನಲ್ಲೂ ನೀರು ಗಾಳಿಸದೆ ಕುಡಿಯುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿರಲಿಲ್ಲ. ಆದರೆ ಅತ್ತೆಯದು ಅದಕ್ಕೂ ಒಂದು ಕೈ ಮೇಲೆ. ಬಾವಿಯ ನೀರನ್ನು ಎರಡು ಪದರ ಅರಿವೆಯಲ್ಲಿ ಗಾಳಿಸಿ, ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಹಗುರಕ್ಕೆ ಬಿಟ್ಟು ಬರುತ್ತಿದ್ದರು. ಬಿಡುವಾಗ ಕೊಡವನ್ನು ನೀರಿನ ಮಟ್ಟದ ತನಕ ಇಳಿಸಬೇಕು, ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದಂತೆ. ಜೋಳದಲ್ಲಿ ನುಸಿ ಬಿದ್ದರೆ ಮೊರದಿಂದ ಆರಿಸಿ ಒಂದು ಡಬ್ಬಿಗೆ ಹಾಕಿ, ಹಿತ್ತಲ ಗೋಡೆಯ ನೆರಳಿಗೆ ಬಿಟ್ಟು ಬರುತ್ತಿದ್ದರು. ಬರಿಗೈಯಲ್ಲಿ ಅಲ್ಲ. ಜೊತೆಗೆ ಒಂದು ಹಿಡಿ ಜೋಳ. ಹುಳಕ್ಕೂ ಬುತ್ತಿ ಕಟ್ಟಿ ಕಳಿಸುವ ಮನುಷ್ಯರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

"ಹಂಗಾರ ಹೊಲದಾಗ ಕಬ್ಬಿಗೆ ಪಾವಡರ ಹೊಡಸ್ತೀರಲ್ರಿ, ಅತ್ತಿ? ಅಲ್ಲಿ ಸಾಯೂ ಹುಳಕ್ಕ ಜೀವ ಇಲ್ಲೇನ್ರಿ?" ಎಂದು ಕೇಳಿದೆ. ಇಲ್ಲಿಗೆ ಸಿಕ್ಕಿಬಿದ್ದರು ಎಂದುಕೊಂಡಿದ್ದೆ.

ಅತ್ತೆ ವಕೀಲರ ಹಾಗೆ ನೆಟ್ಟಗೆ ಕೂತರು. "ಹೊಲದ್ದು ಹೊಟ್ಟಿಪಾಡು. ಸಂಸಾರದಾಗ ಇರೂ ತನಕ ಅದು ತಪ್ಪೂದಿಲ್ಲ, ಅದರ ಪಾಪಾನೂ ತಪ್ಪೂದಿಲ್ಲ. ಹೂವಿನ ಗಿಡ ಅಂದ್ರ ಹೌಸಿ, ಮನಸಿನ ಆಸಿ. ಹೌಸಿಗೆ ಜೀವಾ ತಗಿಯೂದು ಬ್ಯಾರೆ. ಬೇಕಂತ ಕೊಂದಂಗ ಅದು."

"ಹೂವು ಬಸದಿಗೆ ಕೊಡ್ತೀನ್ರಿ. ಪೂಜಿಗೆ ಆದ್ರ?"

"ಕೊಂದು ತಂದ ಹೂವಾ ದೇವರಿಗಿ? ಅದು ಇನ್ನೂ ಕೆಟ್ಟದ್ದು."

ಈ ಮನುಷ್ಯರ ಜೊತೆ ವಾದ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಸುಖ. ಒಂದೊಂದು ಮಾತಿಗೂ ಅವರ ಬಳಿ ಉತ್ತರ ತಯಾರು. ಅಷ್ಟೇ ಅಲ್ಲ, ಉತ್ತರ ಸರಿಯಾಗಿಯೂ ಇರುತ್ತಿತ್ತು. ಅದೇ ಮೈ ಉರಿಸುತ್ತಿದ್ದುದು.

ಇಂಥ ಹೊತ್ತಿಗೆ ನಮ್ಮ ಮನೆಯವರು ತಲೆ ಹಾಕಿದರು. ಅವರು ಹತ್ತಿರದ ಸಕ್ಕರೆ ಕಾರ್ಖಾನೆಯ ಬೀಜದ ಕಬ್ಬಿನ ತೋಟ ನೋಡಿಕೊಳ್ಳುತ್ತಿದ್ದರು. ಅಲ್ಲಿ ನಾಟಿಗೆ ಮೊದಲು ಕಬ್ಬಿನ ತುಂಡುಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಾರೆ. ಕಬ್ಬಿನ ಒಳಗಿನ ರೋಗ, ಮೇಲೆ ಅಂಟಿದ ಹುಳ, ಎರಡೂ ಹೋಗುತ್ತವೆ, ಗೆಣ್ಣಿನಲ್ಲಿರುವ ಕಣ್ಣು ಮಾತ್ರ ಉಳಿದು ಮೊಳಕೆ ಬರುತ್ತದೆ. ಔಷಧವಿಲ್ಲ, ವಿಷವಿಲ್ಲ, ಬರೇ ಬಿಸಿನೀರು. ಇದನ್ನು ಹೂವಿನ ಗಿಡಕ್ಕೂ ಮಾಡಬಹುದು ಎಂದು ಅವರಿಗೆ ಊಟಕ್ಕೆ ಕೂತಾಗ ಹೊಳೆಯಿತು. ಕೈ ತೊಳೆಯದೆ ಎದ್ದು ಅಂಗಳಕ್ಕೆ ಬಂದು ಗಿಡದ ಸುತ್ತ ತಿರುಗಿದರು.

"ಬಿಸಿನೀರಾಗ ಹುಳ ಸಾಯೂದಿಲ್ಲೇನಪಾ?" ಅತ್ತೆ ಕೇಳಿದರು.

"ಏ, ಸಾಯೂದಿಲ್ಲ ಬೇ. ಕಾವು ತಡಿಯೂದಿಲ್ಲ ಅವಕ್ಕ. ತಾವ ಇಳದ ಹೋಗತಾವು."

ತಾಯಿಯನ್ನು ಒಪ್ಪಿಸಲು ಹೇಳಿದ ಹಸಿ ಸುಳ್ಳು ಇದು. ಹೇಳುವಾಗ ನನ್ನ ಕಡೆ ನೋಡಿ ಕಣ್ಣು ಬೇರೆ ಹೊಡೆದರು. ನಾನೂ ಸುಮ್ಮನಿದ್ದೆ. ಅತ್ತೆ, ಇಳಿದು ಹೋಗುವುದಾದರೆ ಆಗಲಿ ಎಂದರು.

ಅನಂತಕ್ಕೆ ಕೈ ಹಚ್ಚುವ ಮೊದಲು ಹುಳ ಹತ್ತಿದ್ದ ನನ್ನ ಒಂದು ಕುಂಡದ ಗುಲಾಬಿಯ ಮೇಲೆ ನೋಡೋಣ ಎಂದದ್ದು ನಾನೇ, ಪುಣ್ಯಕ್ಕೆ. ರವಿವಾರ ಬೆಳಿಗ್ಗೆ ಓಣಿಯೆಲ್ಲ ಟಿವಿಯ ಮುಂದೆ ಕೂತಿರುವಾಗ ನಾವು ಬಚ್ಚಲ ಮನೆಯಲ್ಲಿ ತಾಮ್ರದ ಬಂಬಕ್ಕೆ ಕುಳ್ಳು ಹಾಕಿ ನೀರು ಕಾಯಿಸಿದೆವು. ಎಮ್ಮೆಗೆ ನೀರು ಕುಡಿಸುವ ಅರ್ಧ ಬ್ಯಾರಲ್ ತೊಳೆದು, ಬಚ್ಚಲ ಬಾಗಿಲ ಹೊರಗೆ ಇಟ್ಟು, ಅದರಲ್ಲಿ ಸುರಿದೆವು. ನಮ್ಮವರು ಕಾರ್ಖಾನೆಯಿಂದ ತಂದ ಉದ್ದನೆಯ ಥರ್ಮಾಮೀಟರ್ ಮುಳುಗಿಸಿ ಐವತ್ತು ಬಂತು ಎಂದರು. ಗುಲಾಬಿ ಮುಳುಗಿತು. ಎಷ್ಟು ಹೊತ್ತು ಎಂದು ಕೇಳಿದೆ. ಎರಡು ತಾಸು ಎಂದರು.

"ಎರಡ ತಾಸರೀ? ಅದೇನ ಬ್ಯಾಳಿ ಕುದಸಾಕತ್ತೀರೇನ್ರಿ?"

"ಲೇ, ಕಬ್ಬಿಗೆ ಎರಡ ತಾಸನ ಇಡತಾರ. ನಿನಗೇನ ಗೊತ್ತೈತಿ?"

ಎರಡು ತಾಸು ನೀರಿನ ಕಾವು ಇಳಿಯದಂತೆ ಬಂಬದಿಂದ ಬಿಸಿನೀರು ಹೊತ್ತು ಹಾಕಿದವಳು ನಾನು, ಮೀಟರ್ ನೋಡುತ್ತ ಮಣೆಯ ಮೇಲೆ ಕೂತವರು ಅವರು. ಹೊರಗೆ ತೆಗೆದಾಗ ಗುಲಾಬಿ ಗಿಡ ಬೆಂದ ಮೆಂತೆ ಸೊಪ್ಪಿನಂತೆ ಜೋತುಬಿತ್ತು. ವಾಸನೆಯೂ ಥೇಟ್ ಪಲ್ಯದ್ದೇ. ಹುಳ ಸತ್ತಿದ್ದು ಖರೆ, ಗಿಡವೂ ಸತ್ತಿತ್ತು. "ಕಬ್ಬಿಗೇನೂ ಆಗೂದಿಲ್ಲಲಾ," ಎಂದು ಅವರು ತಲೆ ಕೆರೆದುಕೊಂಡರು. ಗೇಣು ಗೇಣಿಗೆ ಗಟ್ಟಿ ಗೆಣ್ಣಿರುವ ಕಬ್ಬಿಗೂ ನನ್ನ ಗುಲಾಬಿಗೂ ವ್ಯತ್ಯಾಸ ತಿಳಿಯದ ಮನುಷ್ಯನ ಕೈಗೆ ಅವ್ವನ ಗಿಡ ಕೊಡುವುದೇ ಎಂದು ನಾನು ಎರಡು ದಿನ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಆಮೇಲೆ ಅವರೇ ಯಾರನ್ನೋ ವಿಚಾರಿಸಿಕೊಂಡು ಬಂದರು. ಹೂವಿನ ಗಿಡಕ್ಕೆ ನೀರು ಐವತ್ತಕ್ಕಿಂತ ಒಂದು ಕೂದಲು ಕಡಿಮೆ ಇರಬೇಕು, ಹತ್ತು ನಿಮಿಷ ಸಾಕು, ತೆಗೆದ ಕೂಡಲೇ ತಣ್ಣೀರು ಹಾಕಿ ನೆರಳಿಗೆ ಇಡಬೇಕು. ಕುಂಡ ಸಮೇತ ಮುಳುಗಿಸಿದರೆ ಬೇರಿನ ಮಣ್ಣಿನಲ್ಲಿ ಅಡಗಿದ್ದೂ ಹೋಗುತ್ತದೆ. ಕಾವು ಕಡಿಮೆಯಾದರೆ ಹುಳ ಉಳಿಯುತ್ತದೆ, ಹೆಚ್ಚಾದರೆ ಗಿಡ ಬೇಯುತ್ತದೆ. ಈ ಸಲ ಮಾತಿನಲ್ಲಿ ಅರ್ಥವಿತ್ತು. ನಾನು ಒಪ್ಪಿದೆ.

ಅನಂತದ ಕುಂಡದ ಬಾಯಿಗೆ ಗೋಣಿತಟ್ಟು ಬಿಗಿದು, ಮಣ್ಣು ಚೆಲ್ಲದಂತೆ ಮಾಡಿ, ಬ್ಯಾರಲಿಗೆ ಇಳಿಸಿದೆವು. ಮೀಟರ್ ಸರಿಯಾಗಿತ್ತು. ಅಷ್ಟರಲ್ಲಿ ಅತ್ತೆ ಎಂದೂ ಇಲ್ಲದ ಅಕ್ಕರೆಯಿಂದ, "ನಾ ಇಲ್ಲಿ ಕುಂಡ್ರತೀನಿ, ನೀ ರೊಟ್ಟಿ ಬಡಿ ಹೋಗವಾ. ನೀನೂ ಜಳಕಾ ಮಾಡಿ ಬಾ ಹೋಗಪಾ. ಹತ್ತ ನಿಮಿಷಕ್ಕ ಕರೀತೀನಿ," ಎಂದರು. ಇಬ್ಬರಿಗೂ ಸಂತೋಷವಾಯಿತು. ಹೋದೆವು. ಅವರು ಕರೆದಾಗ ಬಂದು ಗಿಡ ಎತ್ತಿ, ತಣ್ಣೀರು ಎರೆದು ನೆರಳಿಗೆ ಇಟ್ಟೆವು.

ನಾಲ್ಕು ದಿನ ಗಿಡ ಚೆನ್ನಾಗಿ ಕಂಡಿತು. ಐದನೆಯ ದಿನ ಇರುವೆ ಹತ್ತಿದವು. ವಾರ ತುಂಬುವುದರಲ್ಲಿ ಹುಳ ಮೊದಲಿನಷ್ಟೇ. ಥರ್ಮಾಮೀಟರ್ ಕೆಟ್ಟಿದೆ ಎಂದು ನಮ್ಮವರು ಬೇರೆ ತಂದರು. ಮತ್ತೆ ಮುಳುಗಿಸಿದೆವು, ಮತ್ತೆ ಅತ್ತೆ ಕಾವಲು ಕೂತರು, ಮತ್ತೆ ಹುಳ ಬಂತು. ಕುಳ್ಳು ಹಸಿ ಇದ್ದವು ಎಂದರು, ಬ್ಯಾರಲಿನ ತಗಡು ತೆಳು ಎಂದರು, ಗಾಳಿ ಬೀಸುತ್ತಿತ್ತು ಎಂದರು. ನನಗೆ ಸಾಕೋ ಸಾಕಾಗಿ ಹೋಯಿತು. ಒಂದೊಂದು ಸಲ ನೀರಿಗೆ ಇಳಿಸಿದಾಗಲೂ ಗಿಡ ಒಂದಿಷ್ಟು ಎಲೆ ಉದುರಿಸಿಕೊಂಡು ಬರುತ್ತಿತ್ತು, ಹುಳ ಮಾತ್ರ ಅಭ್ಯಂಜನ ಮಾಡಿಸಿಕೊಂಡ ಬಾಣಂತಿಯ ಮಗುವಿನ ಹಾಗೆ ದುಂಡಗಾಗುತ್ತಿದ್ದವು. ಮೇ ತಿಂಗಳು ಮುಗಿಯುವ ಹೊತ್ತಿಗೆ ಕೆಳಗಿನ ಟೊಂಗೆಗಳು ಒಣಗಿ ಕಡ್ಡಿಯಾಗಿದ್ದವು. ಬೆಳಿಗ್ಗೆ ಎದ್ದು ಮೊದಲು ಗಿಡ ನೋಡಲು ಹೆದರಿಕೆಯಾಗುತ್ತಿತ್ತು.

ಕಡೆಗೆ ಒಂದು ದಿನ ರೊಟ್ಟಿಯ ಹಿಟ್ಟು ಕಡಿಮೆ ಬಿದ್ದು, ತರಲೆಂದು ಪಡಸಾಲೆಗೆ ಬಂದವಳು ಬಚ್ಚಲ ಕಡೆ ನೋಡಿದೆ. ಅತ್ತೆ ಬ್ಯಾರಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಣಮೋಕಾರ ಮಂತ್ರ ಹೇಳುತ್ತ, ಕೊಡದಿಂದ ತಂಬಿಗೆ ತಂಬಿಗೆ ತಣ್ಣೀರು ತೆಗೆದು ಬಿಸಿನೀರಿಗೆ ಬೆರೆಸುತ್ತಿದ್ದರು. ನಡುನಡುವೆ ಮೊಣಕೈ ಅದ್ದಿ, ಕೂಸಿನ ನೀರು ನೋಡಿದ ಹಾಗೆ ನೋಡುತ್ತಿದ್ದರು. ನಾನು ಕಂಬದ ಹಿಂದೆ ನಿಂತೆ. ಕರೆದಾಗ ಏನೂ ಅರಿಯದವಳಂತೆ ಹೋಗಿ ಗಿಡ ಎತ್ತಿ ಅಂಗಳದ ನೆರಳಿಗೆ ಇಟ್ಟು, ಮತ್ತೆ ಬಂದು ಕಂಬದ ಹಿಂದೆ ನಿಂತೆ. ಆಮೇಲೆ ಬ್ಯಾರಲಿನ ನೀರನ್ನು ಎರಡು ಪದರದ ಅರಿವೆಯಲ್ಲಿ ಗಾಳಿಸಿದರು. ಅರಿವೆಯಲ್ಲಿ ಉಳಿದ ಹುಳಗಳನ್ನು ಬಾವಿಗೆ ಬಿಡುವಂತಿಲ್ಲವಲ್ಲ, ಅವು ಗಿಡದಲ್ಲಿ ಬಾಳುವ ಜೀವ. ಅದಕ್ಕೆ ಅರಿವೆಯನ್ನು ಹಸಿಗೂಸಿನ ಹಾಗೆ ಎತ್ತಿಕೊಂಡು ಅಂಗಳಕ್ಕೆ ಹೋದರು, ಹಿಂದೆಯೇ ನಾನು ಹೋದೆ. ಅಲ್ಲಿ ನಮ್ಮ ದಾಸಾಳದ ಗಿಡದ ಬುಡದಲ್ಲಿ, ಒಂದೊಂದೇ ಹುಳವನ್ನು ಎಲೆಯ ತುದಿಯಿಂದ ದಾಟಿಸಿದರು. ಆ ದಾಸಾಳದಿಂದ ನನ್ನ ಅನಂತದ ಕುಂಡಕ್ಕೆ ಒಂದು ಮಾರು ದೂರವೂ ಇರಲಿಲ್ಲ. ಇರುವೆಗಳು ಪುನಃ ಹೊತ್ತು ತರಲು ಅಷ್ಟು ಸಾಕಾಗಿತ್ತು.

ನನ್ನ ದನಿ ಓಣಿಗೆಲ್ಲ ಕೇಳಿಸುವಷ್ಟು ಜೋರಾಗಿ ಹೊರಟಿತು.

"ಏನ ಮಾಡಾಕತ್ತೀರ್ರಿ ಅತ್ತಿ ಇದು?"

ಅವರು ಬೆಚ್ಚಲೂ ಇಲ್ಲ. "ನಿನ್ನ ಗಂಡ ಇಳದ ಹೋಗತಾವ ಅಂದಿದ್ದ. ಮೊದಲನೆ ಸಲ ಕೈ ಇಟ್ಟ ನೋಡಿದ್ನಿ, ಚುರ್ರ ಅಂತು. ನನ್ನ ಕೈ ಸುಡೂವಾಗ ಆ ಸಣ್ಣ ಜೀವ ಉಳೀತಾವೇನವಾ? ಅದಕ ತಣ್ಣೀರ ಬೆರಿಸಿದ್ನಿ. ಈಗ ಖರೇನ ಇಳದ ಹೋಗತಾವು ನೋಡು."

ನಮ್ಮವರು ತಲೆಗೆ ಟಾವೆಲ್ಲು ಸುತ್ತಿಕೊಂಡು ಬಂದವರು ಇಬ್ಬರ ಮುಖ ನೋಡಿ ಹಿಂದಕ್ಕೆ ಸರಿದರು. ಸರಿಯಲು ಬಿಡಲಿಲ್ಲ ನಾನು. ಸುಳ್ಳು ಹೇಳಿದ್ದಕ್ಕೆ ಅವರಿಗೆ ತಾಯಿಯಿಂದ ಒಂದು ಸುತ್ತು, ಆ ಸುಳ್ಳನ್ನೂ ನೆಟ್ಟಗೆ ನಿಭಾಯಿಸದೆ ಜಳಕಕ್ಕೆ ಹೋದದ್ದಕ್ಕೆ ನನ್ನಿಂದ ಒಂದು ಸುತ್ತು ಬಿತ್ತು. ಮೂರು ತಿಂಗಳು ಕುಳ್ಳು ಸುಟ್ಟು, ನೀರು ಹೊತ್ತು, ಬೆನ್ನು ಮುರಿದುಕೊಂಡು ನಾನು ಮಾಡಿದ್ದೇನು? ವಾರಕ್ಕೊಮ್ಮೆ ಹುಳಗಳಿಗೆ ಜಳಕ ಮಾಡಿಸಿ ಮತ್ತೆ ಅವುಗಳ ಮನೆಗೆ ಕಳಿಸಿದ್ದೆ. ನೆನೆದಷ್ಟೂ ಪಿತ್ತ ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

"ನನ್ನ ತವರ ಮನಿ ಹೋತ್ರಿ, ಅವ್ವ ಹೋದ್ಳು. ಇದೊಂದ ಉಳದೈತಿ ನನಗ. ಇದೂ ಹೋಗಲಿ ಅಂತೀರೇನ್ರಿ? ನಿಮಗ ಹುಳದ ಜೀವ ಕಾಣತೈತಿ, ನಂದ ಕಾಣೂದಿಲ್ಲ."

ಅತ್ತೆ ಖಾಲಿ ಅರಿವೆ ಹಿಂಡುತ್ತ ನಿಂತರು. "ಗಿಡಾನೂ ಜೀವನ," ಎಂದರು. "ಅಲ್ಲಂತ ನಾ ಯಾವಾಗ ಅಂದ್ನಿ?"

"ಹಂಗಾರ ಯಾವದನ್ನ ಉಳಸಬೇಕ್ರಿ? ನೀವ ಹೇಳ್ರಿ."

"ಅದನ್ನ ತೂಗಿ ಹೇಳಾಕ ನಾ ಯಾರು?"

ಅಷ್ಟು ಹೇಳಿ ಒಳಗೆ ಹೋದರು. ಜಗಳವಾಡುವವರು ಪೂರ್ತಿ ಜಗಳವನ್ನಾದರೂ ಆಡಬೇಕು. ಹೀಗೆ ಅರ್ಧಕ್ಕೆ ಬಿಟ್ಟು ಹೋದರೆ ಉಳಿದ ಸಿಟ್ಟನ್ನು ಎಲ್ಲಿ ಇಟ್ಟುಕೊಳ್ಳುವುದು?

ಮುಂದೆ ನಾನೂ ಅತ್ತೆಯೂ ಮಾತು ಬಿಟ್ಟೆವು. ಹೇಳಬೇಕಾದ್ದನ್ನು ನಾನು ಎಮ್ಮೆಗೆ ಹೇಳುತ್ತಿದ್ದೆ. ಊಟ ಆಗಿದೆಯಂತೆ, ಯಾರಿಗೆ ಬೇಕೋ ಅವರು ಬಂದು ಉಣ್ಣಬೇಕಂತೆ ಎಂದು. ಅತ್ತೆಯೂ ಎಮ್ಮೆಗೇ ಉತ್ತರ ಕೊಡುತ್ತಿದ್ದರು. ಹಸಿವಿಲ್ಲ ಅಂತ ಹೇಳವಾ, ಮಜ್ಜಿಗಿ ಇದ್ರ ಸಾಕು ಅಂತ ಹೇಳು. ಎಮ್ಮೆ ಪಾಪ ಇಬ್ಬರ ಮುಖವನ್ನೂ ನೋಡುತ್ತ ಮೆಲುಕು ಹಾಕುತ್ತಿತ್ತು. ನಮ್ಮವರಿಗೆ ಇದು ತಮಾಷೆಯಾಗಿ ಕಂಡು ಒಂದು ದಿನ ನಕ್ಕರು. ಅವತ್ತು ಅವರಿಗೂ ಎಮ್ಮೆಯ ಮೂಲಕವೇ ಚಹಾ ಕೊಟ್ಟೆ.

ಚಾತುರ್ಮಾಸ ಹತ್ತಿರ ಬರುತ್ತಿತ್ತು. ಮಳೆಗಾಲದ ಆ ನಾಲ್ಕು ತಿಂಗಳು ಅತ್ತೆಯ ನೇಮ ಇನ್ನೂ ಬಿಗಿ. ಹಸಿರು ಕಡ್ಡಿಯನ್ನೂ ಮುರಿಯುವಂತಿಲ್ಲ, ಹುಳದ ಮಾತಂತೂ ದೂರ. ಅದು ಮುಗಿಯುವ ತನಕ ಕಾದರೆ ಗಿಡ ಉಳಿಯುವುದಿಲ್ಲ. ತುದಿಯಲ್ಲಿ ಒಂದು ಹಿಡಿ ಎಲೆ ಮಾತ್ರ ಹಸಿರಿತ್ತು. ಇನ್ನು ಯಾರನ್ನೂ ಕೇಳುವುದಿಲ್ಲ, ಅತ್ತೆ ಬೆಳಿಗ್ಗೆ ಬಸದಿಗೆ ಹೋದಾಗ ನಾನೇ ನೀರು ಕಾಯಿಸಿ ಮುಗಿಸಿಬಿಡುತ್ತೇನೆ ಎಂದು ನಿಶ್ಚಯ ಮಾಡಿದೆ. ದಾಸಾಳದ ಗಿಡಕ್ಕೂ ಅದೇ ನೀರು. ಇದನ್ನು ನಮ್ಮವರಿಗೆ ಹೇಳಬಾರದಿತ್ತು. ಅವರ ಹೊಟ್ಟೆಯಲ್ಲಿ ಒಂದು ಮಾತು ಒಂದು ದಿನವೂ ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಏಳುವಾಗಲೇ ಕುಳ್ಳಿನ ಹೊಗೆ ಬರುತ್ತಿತ್ತು. ಬಚ್ಚಲ ಕಡೆ ಬಂದರೆ ಬಂಬ ಉರಿಯುತ್ತಿದೆ, ಬ್ಯಾರಲಿನಿಂದ ಹಬೆ ಏಳುತ್ತಿದೆ. ಥರ್ಮಾಮೀಟರಿನ ಒಂದು ಗೆರೆಗೆ ಕೆಂಪು ನೂಲು ಕಟ್ಟಿದೆ. ಅತ್ತೆಗೆ ಅದರ ಅಂಕಿ ಓದಲು ಬರುತ್ತಿರಲಿಲ್ಲ, ಮಗನ ಕೈಲಿ ಕಟ್ಟಿಸಿಕೊಂಡಿದ್ದರು. ನಮ್ಮವರು ಕೈಗಡಿಯಾರ ಹಿಡಿದು ಗೋಡೆಗೆ ಒರಗಿ ನಿಂತಿದ್ದರು, ಮುಖ ಸಣ್ಣದಾಗಿತ್ತು. ಅತ್ತೆ ಸೀರೆ ಮೊಣಕಾಲಿಗೆ ಕಟ್ಟಿ, ಅನಂತದ ಗಿಡದ ಟೊಂಗೆ ನೀರಿನ ಮೇಲೆ ಏಳದಂತೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಕೈ ಮಣಿಕಟ್ಟಿನ ತನಕ ಆ ಸುಡುನೀರಿನಲ್ಲಿತ್ತು. ಪಕ್ಕದಲ್ಲಿ ತಣ್ಣೀರಿನ ಕೊಡ ಇರಲಿಲ್ಲ.

ಓಡಿ ಹೋಗಿ ಗಿಡಕ್ಕೆ ಕೈ ಹಾಕಿದೆ.

"ದೂರ ಸರಿ. ನೀ ಮುಟ್ಟಬ್ಯಾಡ."

"ಬಿಡ್ರಿ ಅತ್ತಿ, ಕೈ ಸುಡಾಕತ್ತಾವು. ನನ್ನ ಗಿಡ, ನಾ ಮಾಡತೀನ್ರಿ."

"ನಿನ್ನ ಗಿಡ ಅಂತನ ಹೇಳಾಕತ್ತೀನಿ. ನೀ ಮಾಡಿದ್ರ ಇದರ ಪಾಪ ನಿನಗ ಹತ್ತತೈತಿ. ಸಂಸಾರ ಮಾಡೂ ವಯಸ್ಸಿನಾಕಿ ನೀ, ಇನ್ನೂ ಬಾಳ ದೂರ ಹೋಗಬೇಕು. ಇದನ್ನ ಕಟಗೊಂಡ ಹೋಗಬ್ಯಾಡ. ನಂದೇನೈತಿ, ಮುಗಿಯಾಕ ಬಂದೈತಿ."

"ಎಲ್ಲಾರ ಪಾಪಾನೂ ನೀವ ಹೊರಬೇಕಂತ ಯಾರ ಹೇಳ್ಯಾರ್ರಿ ನಿಮಗ?" ಎಂದು ಕೂಗಿದೆ. ಕೂಗುತ್ತ ಕೂಗುತ್ತ ಅಳು ಬಂತು. ಅವರ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆ ಬಂದಿರಲಿಲ್ಲ, ಅಷ್ಟು ಅಕ್ಕರೆಯೂ ಹಿಂದೆ ಬಂದಿರಲಿಲ್ಲ.

ನೀರಿನ ಮೇಲೆ ಬಿಳಿ ಹುಳ ಒಂದೊಂದಾಗಿ ಬಿಟ್ಟು ತೇಲುತ್ತಿದ್ದವು. ಅದನ್ನು ನೋಡುತ್ತ ಅತ್ತೆಯ ತುಟಿ ಅಲ್ಲಾಡುತ್ತಿತ್ತು. ಮಂತ್ರವಲ್ಲ ಅದು. ಹತ್ತಿರ ಹೋದಾಗ ಕೇಳಿಸಿತು, ನಿಮಗ ತ್ರಾಸ ಕೊಟ್ಟೀನಿ, ತಪ್ಪಾತು ನಂದು, ಕ್ಷಮಾ ಮಾಡ್ರಿ ಎನ್ನುತ್ತಿದ್ದರು. ನಮ್ಮವರು ಹೊತ್ತಾಯಿತು ಎಂದಾಗ ತಾವೇ ಗಿಡ ಎತ್ತಿ ತಣ್ಣೀರು ಹಾಕಿದರು. ಅಂಗಳದ ದಾಸಾಳಕ್ಕೂ ತಮ್ಮ ಕೈಯಿಂದಲೇ ಬಿಸಿನೀರು ಹೊಯ್ದರು. ಅವತ್ತು ನೀರು ಗಾಳಿಸಲಿಲ್ಲ. ಬ್ಯಾರಲನ್ನು ತಿಪ್ಪೆಗೆ ಬೋರಲು ಹಾಕಿ ಬಂದು ಕಟ್ಟೆಯ ಮೇಲೆ ಕೂತರು.

ಅವರ ಕೈಗೆ ಬೆಣ್ಣೆ ಹಚ್ಚುವಾಗ ನಾನು ಬಯ್ಯುತ್ತಲೇ ಇದ್ದೆ. ಎಮ್ಮೆಗಲ್ಲ, ನೇರ ಅವರಿಗೇ. ಒಂದು ಕೋಲಿನಿಂದ ಒತ್ತಿ ಹಿಡಿದಿದ್ದರೆ ಆಗುತ್ತಿರಲಿಲ್ಲವೇ ಎಂದೆ. ಅವು ನೀರಿನಲ್ಲಿ ಸುಡುವಾಗ ನನ್ನ ಕೈ ಮಾತ್ರ ಹೊರಗೆ ಇರಬೇಕೇನು ಎಂದರು.

ಅದು ಅಲ್ಲಿಗೆ ಮುಗಿಯಲಿಲ್ಲ. ಕೈಗೆ ಅರಿವೆ ಸುತ್ತಿಕೊಂಡೇ ಬಸದಿಗೆ ಹೋದರು. ಮಧ್ಯಾಹ್ನ ಬಂದು, ಮಾಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಹೂವು ಬಿಟ್ಟೆ ಎಂದರು. ಜೀವ ಇರುವ ತನಕ ಹೂವು ಮೂಸುವುದಿಲ್ಲವಂತೆ, ಯಾವ ಹೂವನ್ನೂ.

ನನಗೆ ಮತ್ತೆ ಬೆಂಕಿ ಬಿತ್ತು. "ಹಾಗಲಕಾಯಿ ಬಿಡ್ರಿ, ಕುಂಬಳಕಾಯಿ ಬಿಡ್ರಿ! ಒಪ್ಪತ್ತ ಮಾಡ್ರಿ! ಬಿಡಾಕ ಹೂವನ ಸಿಕ್ಕತ ನಿಮಗ?"

"ಬ್ಯಾಡಾದ್ದ ಬಿಟ್ರ ಅದು ಬಿಟ್ಟಂಗೇನವಾ?"

ಅವರು ಮಲಗಿದ ಮೇಲೆ ನಮ್ಮವರು ನನಗೆ ಹೇಳಿದರು. ಮಾವ ಹೋದಾಗಿನಿಂದ ಅತ್ತೆ ತಲೆಗೆ ಹೂವು ಮುಡಿದಿರಲಿಲ್ಲ, ಬಣ್ಣದ ಸೀರೆ ಉಟ್ಟಿರಲಿಲ್ಲ, ಸಿಹಿ ತಿನಿಸು ಕೈಯಲ್ಲಿ ಹಿಡಿದಿರಲಿಲ್ಲ. ಯಾರ ಮನೆಯ ಬೇಲಿಯಲ್ಲಿ ಮಲ್ಲಿಗೆ ಅರಳಿದರೂ ಒಂದು ಹೂವು ಕೇಳಿ ತಂದು, ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ ಮೂಸುತ್ತಿದ್ದರು. ಅವರಿಗೆ ಅಂತ ಉಳಿದಿದ್ದ ಸುಖ ಅದೊಂದೇ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ ನಾನು ಅದನ್ನು ಹೌಸಿ ಎಂದು ತಿಳಿದಿರಲಿಲ್ಲ. ಪೂಜೆಗೆ ಆರಿಸುತ್ತಾರೆ ಎಂದುಕೊಂಡಿದ್ದೆ.

ಗಿಡ ಇದ್ದ ಎಲೆಯನ್ನೂ ಉದುರಿಸಿತು. ಸತ್ತೇ ಹೋಯಿತು ಎಂದುಕೊಂಡೆ. ಮಳೆ ಹಿಡಿದ ಮೇಲೆ ಗೆಣ್ಣುಗಳಲ್ಲಿ ಅಕ್ಕಿ ಕಾಳಿನಷ್ಟು ಹಸಿರು ಕಂಡಿತು. ಹುಳ ತಿರುಗಿ ಬರಲಿಲ್ಲ, ಇರುವೆಯೂ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಗಿಡ ತುಂಬ ಎಲೆ. ಮರುವರ್ಷ ಮುಂಗಾರಿನ ಮೋಡ ಕಟ್ಟುವ ದಿನಗಳಲ್ಲಿ ಮೊಗ್ಗು ಕಚ್ಚಿತು. ಒಂದು ಬೆಳಿಗ್ಗೆ ಮೊದಲ ಹೂವು ಬಿರಿದಾಗ ಅಂಗಳವೆಲ್ಲ ಘಮ್ಮೆಂದಿತು.

ನಾನು ಕುಂಡದ ಹತ್ತಿರ ಕೂತಿದ್ದೆ. ಅತ್ತೆ ಸೆರಗನ್ನು ಮೂಗಿಗೆ ಒತ್ತಿ ಹಿಡಿದುಕೊಂಡು ಬಂದು, ನಾಲ್ಕು ಹೆಜ್ಜೆ ದೂರಕ್ಕೆ ನಿಂತರು. ಕೈಯ ಮೇಲಿನ ಕಲೆ ಇನ್ನೂ ಮಾಸಿರಲಿಲ್ಲ.

"ಅರಳೇತೇನ?"

"ಅರಳೇತ್ರಿ."

"ಹುಳಾ?"

"ಒಂದೂ ಇಲ್ರಿ."

ಸೆರಗಿನ ಒಳಗಿಂದಲೇ ಮತ್ತೆ ಕೇಳಿದರು. "ನಿಮ್ಮವ್ವನ ಮನ್ಯಾಗ ಬರತಿದ್ದ ವಾಸನೀನ ಐತೇನ?"

ನಾನು ಬಗ್ಗಿ ಮೂಸಿದೆ. ಅದೇ ವಾಸನೆ. ಹಿತ್ತಲು, ಒದ್ದೆ ಕಲ್ಲು, ಅವ್ವನ ಸೀರೆಯ ಅಂಚು ಎಲ್ಲ ಬಂತು. ಹೌದೆಂದು ತಲೆ ಆಡಿಸಿದೆ.

"ಹಂಗಾರ ಆತ ಬಿಡು," ಎಂದು ಅವರು ಒಳಗೆ ಹೊರಟರು.

ನನಗೆ ತಡೆಯಲಾಗಲಿಲ್ಲ. "ಅತ್ತಿ, ಒಂದ ಸಲ ಮೂಸ್ರಿ. ನಾ ಯಾರಿಗೂ ಹೇಳೂದಿಲ್ಲ. ಯಾರ ಕೇಳತಾರ್ರಿ ನಿಮ್ಮನ್ನ?"

"ನಾನ ಕೇಳತೀನಲ್ಲವಾ," ಎಂದರು, ತಿರುಗಿ ನೋಡದೆ. ಹೊಸ್ತಿಲು ದಾಟುವ ತನಕ ಸೆರಗು ಮೂಗಿನ ಮೇಲೇ ಇತ್ತು.